ವಿನೋದ್ ದುವಾ: ಪ್ರಶ್ನೆಯನ್ನೇ ವೃತ್ತಿಯಾಗಿಸಿಕೊಂಡ ಟಿ.ವಿ. ಪತ್ರಕರ್ತ

ವಿನೋದ್ ದುವಾ (11 ಮಾರ್ಚ್ 1954 – 4 ಡಿಸೆಂಬರ್ 2021) ಭಾರತದ ಹಿಂದಿ ದೃಶ್ಯಮಾಧ್ಯಮದ ಮೊದಲ ತಲೆಮಾರಿನ ರಾಜಕೀಯ ಪತ್ರಕರ್ತರು. ದೇಶದಲ್ಲಿ ದೂರದರ್ಶನವೊಂದೇ ವಾಹಿನಿಯಾಗಿದ್ದ ದಿನಗಳಲ್ಲಿ ಕ್ಯಾಮೆರಾ ಮುಂದೆ ಬಂದ ಅವರು, ಮುಂದೆ ಖಾಸಗಿ ವಾಹಿನಿಗಳಲ್ಲಿಯೂ, ಕೊನೆಗೆ ಅಂತರ್ಜಾಲದಲ್ಲಿಯೂ ಕೆಲಸ ಮಾಡಿ, ನಾಲ್ಕು ದಶಕಗಳಿಗೂ ಹೆಚ್ಚು ಕಾಲ ವೀಕ್ಷಕರಿಗೆ ಪರಿಚಿತರಾಗಿದ್ದರು. ಚುನಾವಣಾ ಫಲಿತಾಂಶದ ನೇರ ವಿಶ್ಲೇಷಣೆ, ಸಚಿವರನ್ನು ಜನರೆದುರು ಕೂರಿಸಿ ಪ್ರಶ್ನಿಸುವ ಕಾರ್ಯಕ್ರಮ, ಸಾಪ್ತಾಹಿಕ ಸುದ್ದಿ ಪತ್ರಿಕೆಯ ಮಾದರಿಯ ಪ್ರಸಾರ ಮುಂತಾದ ಪ್ರಕಾರಗಳನ್ನು ಹಿಂದಿಯಲ್ಲಿ ರೂಢಿಗೆ ತಂದವರಲ್ಲಿ ಅವರು ಪ್ರಮುಖರು. ಆದರೆ ಇಂದು ಅವರ ಹೆಸರು ಹೆಚ್ಚಾಗಿ ಉಲ್ಲೇಖಗೊಳ್ಳುತ್ತಿರುವುದು ಯಾವುದೇ ಕಾರ್ಯಕ್ರಮದ ಕಾರಣಕ್ಕಲ್ಲ, ನ್ಯಾಯಾಲಯದ ತೀರ್ಪೊಂದರ ಕಾರಣಕ್ಕೆ. ಸರ್ಕಾರವನ್ನು ಟೀಕಿಸಿದ ಪತ್ರಕರ್ತನ ಮೇಲೆ ರಾಜದ್ರೋಹದ ಮೊಕದ್ದಮೆ ಹೂಡಬಹುದೇ ಎಂಬ ಪ್ರಶ್ನೆಗೆ 2021ರಲ್ಲಿ ಸುಪ್ರೀಂ ಕೋರ್ಟ್ ಉತ್ತರ ನೀಡಿದ್ದು ಅವರದೇ ಅರ್ಜಿಯ ಮೇಲೆ.

ಜನನ ಮತ್ತು ವಿದ್ಯಾಭ್ಯಾಸ

ದುವಾ ಅವರ ಹಿರಿಯರು ಇಂದಿನ ಪಾಕಿಸ್ತಾನದ ಖೈಬರ್ ಪಖ್ತೂನ್‌ಖ್ವಾ ಪ್ರಾಂತಕ್ಕೆ ಸೇರಿದ ಡೇರಾ ಇಸ್ಮಾಯಿಲ್ ಖಾನ್‌ನವರು. 1947ರ ದೇಶ ವಿಭಜನೆಯ ಸಂದರ್ಭದಲ್ಲಿ ಆ ಕುಟುಂಬ ದೆಹಲಿಗೆ ಬಂದು ನೆಲೆಸಿತು. ವಿನೋದ್ ಬೆಳೆದದ್ದು ಹೀಗೆ ಬಂದ ಜನರ ವಸತಿಗಳಲ್ಲಿ. ದೆಹಲಿಯ ಹಂಸರಾಜ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಪದವಿ ಪಡೆದು, ದೆಹಲಿ ವಿಶ್ವವಿದ್ಯಾಲಯದಲ್ಲಿ ಅದೇ ವಿಷಯದಲ್ಲಿ ಸ್ನಾತಕೋತ್ತರ ಅಧ್ಯಯನ ಮಾಡಿದರು.

ವಿದ್ಯಾರ್ಥಿ ದೆಸೆಯಲ್ಲಿ ಅವರನ್ನು ಸೆಳೆದದ್ದು ಗಾಯನ, ಚರ್ಚಾಸ್ಪರ್ಧೆ ಮತ್ತು ರಂಗಭೂಮಿ. ಎಂಬತ್ತರ ದಶಕದ ಮಧ್ಯಭಾಗದವರೆಗೂ ಅವರು ನಾಟಕಗಳಲ್ಲಿ ತೊಡಗಿಸಿಕೊಂಡಿದ್ದರು. ವರದಕ್ಷಿಣೆಯಂತಹ ಸಾಮಾಜಿಕ ಪಿಡುಗುಗಳ ವಿರುದ್ಧ ದೆಹಲಿಯ ಬೀದಿಗಳಲ್ಲಿ ನಾಟಕವಾಡುತ್ತಿದ್ದ 'ಥಿಯೇಟರ್ ಯೂನಿಯನ್' ತಂಡದ ಸದಸ್ಯರಾಗಿದ್ದರು. ಮಕ್ಕಳಿಗಾಗಿ ನಾಟಕಗಳನ್ನೂ ಬರೆದಿದ್ದರು. ಬೀದಿ ನಾಟಕದಲ್ಲಿ ಪರದೆಯೂ ಇಲ್ಲ, ಸ್ಮಾರಕನೂ ಇಲ್ಲ. ಎದುರಿಗೆ ನಿಂತವರ ಮುಖ ನೋಡಿ ಮಾತನಾಡಬೇಕು. ಮುಂದೆ ಟಿ.ವಿ.ಯಲ್ಲಿ ಬರೆದಿಟ್ಟ ಪಾಠವನ್ನು ನೆಚ್ಚಿಕೊಳ್ಳದೆ ನಿರರ್ಗಳವಾಗಿ ಮಾತನಾಡುವ ಅವರ ಶೈಲಿಗೆ ಈ ಅನುಭವದ ಒತ್ತಾಸೆ ಇದ್ದಿರಬೇಕು.

ಕಪ್ಪು-ಬಿಳುಪು ಕಾಲದ ಪ್ರವೇಶ

ದುವಾ ಮೊದಲ ಬಾರಿಗೆ ಟಿ.ವಿ. ಪರದೆಯ ಮೇಲೆ ಕಾಣಿಸಿಕೊಂಡದ್ದು 1974ರಲ್ಲಿ, 'ಯುವ ಮಂಚ್' ಎಂಬ ಹಿಂದಿ ಯುವ ಕಾರ್ಯಕ್ರಮದಲ್ಲಿ. ಆಗಿನ್ನೂ ದೂರದರ್ಶನ ಆಕಾಶವಾಣಿಯಿಂದ ಬೇರ್ಪಟ್ಟಿರಲಿಲ್ಲ. ಆ ಬೇರ್ಪಡೆ ನಡೆದದ್ದು 1976ರಲ್ಲಿ. ಟಿ.ವಿ. ಪೆಟ್ಟಿಗೆಯೆಂಬುದು ಕೆಲವೇ ನಗರಗಳ ಕೆಲವೇ ಮನೆಗಳ ವಸ್ತುವಾಗಿತ್ತು.

1975ರ ಆಗಸ್ಟ್‌ನಲ್ಲಿ ಭಾರತ ಸರ್ಕಾರವು ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ 'ಸೈಟ್' ಎಂಬ ಪ್ರಯೋಗವನ್ನು ಒಂದು ವರ್ಷದ ಅವಧಿಗೆ ಕೈಗೊಂಡಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ನೇರವಾಗಿ ಶಿಕ್ಷಣ, ಕೃಷಿ, ಆರೋಗ್ಯದ ಕಾರ್ಯಕ್ರಮಗಳನ್ನು ತಲುಪಿಸುವುದು ಇದರ ಉದ್ದೇಶವಾಗಿತ್ತು. ಆ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗರು ಟಿ.ವಿ.ಯನ್ನು ಮೊದಲು ಕಂಡದ್ದು ಬೆಂಗಳೂರಿನ ಬಹುಪಾಲು ಜನರಿಗಿಂತ ಮುಂಚೆ ಎಂಬುದು ಇಲ್ಲಿ ಗಮನಾರ್ಹ. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಇದೇ ಪ್ರಯೋಗದ ಅಂಗವಾಗಿ ರಾಯಪುರ, ಮುಜಫ್ಫರಪುರ ಮತ್ತು ಜೈಪುರ ಭಾಗದ ಯುವಜನರಿಗಾಗಿ ರೂಪುಗೊಂಡ 'ಯುವ ಜನ್' ಕಾರ್ಯಕ್ರಮವನ್ನು ದುವಾ ನಡೆಸಿಕೊಟ್ಟರು. ಅದೇ ವರ್ಷ ಅಮೃತಸರ ಕೇಂದ್ರಕ್ಕಾಗಿ 'ಜವಾನ್ ತರಂಗ್' ಕಾರ್ಯಕ್ರಮದ ನಿರೂಪಣೆ ಆರಂಭಿಸಿದರು. 1981ರಿಂದ 1984ರವರೆಗೆ ಭಾನುವಾರ ಬೆಳಗಿನ 'ಆಪ್ ಕೇ ಲಿಯೇ' ಕಾರ್ಯಕ್ರಮದ ಹೊಣೆ ಅವರದಾಗಿತ್ತು.

ಹೀಗೆ ಅವರ ವೃತ್ತಿಯ ಮೊದಲ ಹತ್ತು ವರ್ಷ ಸಂಪೂರ್ಣವಾಗಿ ಸರ್ಕಾರಿ ಮಾಧ್ಯಮದಲ್ಲಿಯೇ ಕಳೆಯಿತು. ಆ ಮಾಧ್ಯಮದಲ್ಲಿ ಸಚಿವರ ಉದ್ಘಾಟನೆ, ಶಂಕುಸ್ಥಾಪನೆಗಳೇ ಸುದ್ದಿಯಾಗಿದ್ದ ಕಾಲ ಅದು.

1984: ಮತ ಎಣಿಕೆಯ ರಾತ್ರಿಗಳು

ದುವಾ ಮನೆಮಾತಾದದ್ದು 1984ರ ಡಿಸೆಂಬರ್‌ನಲ್ಲಿ ನಡೆದ ಲೋಕಸಭಾ ಚುನಾವಣೆಯ ಫಲಿತಾಂಶ ಪ್ರಸಾರದಿಂದ. ಇಂದಿರಾ ಗಾಂಧಿಯವರ ಹತ್ಯೆಯ ಬಳಿಕ ನಡೆದ ಆ ಚುನಾವಣೆಯ ವಿಶ್ಲೇಷಣೆಯನ್ನು ದೂರದರ್ಶನದಲ್ಲಿ ಪ್ರಣಯ್ ರಾಯ್ ಅವರೊಂದಿಗೆ ದುವಾ ನಡೆಸಿಕೊಟ್ಟರು. ರಾಯ್ ಅವರದು ಅಂಕಿ ಅಂಶಗಳ ಇಂಗ್ಲಿಷ್. ದುವಾ ಅವರದು ಆ ಅಂಕಿಗಳ ಅರ್ಥವನ್ನು ಸಾಮಾನ್ಯ ವೀಕ್ಷಕನಿಗೆ ಬಿಡಿಸಿ ಹೇಳುವ ಹಿಂದಿ. ಮತದ ಒಲವಿನಲ್ಲಿ ಆಗುವ ಸಣ್ಣ ಬದಲಾವಣೆ ಸ್ಥಾನಗಳ ಲೆಕ್ಕದಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತದೆ, ವಿರೋಧ ಪಕ್ಷಗಳ ಒಗ್ಗಟ್ಟು ಮುರಿದರೆ ಯಾರಿಗೆ ಲಾಭ ಎಂಬ ವಿಚಾರಗಳು ಭಾರತೀಯ ಮನೆಗಳ ನಡುಮನೆಗೆ ಬಂದದ್ದು ಇಂತಹ ಪ್ರಸಾರಗಳ ಮೂಲಕ.

ಮತಪತ್ರಗಳನ್ನು ಕೈಯಿಂದ ಎಣಿಸುತ್ತಿದ್ದ ಕಾಲ. ಫಲಿತಾಂಶ ಪೂರ್ಣಗೊಳ್ಳಲು ದಿನಗಳೇ ಹಿಡಿಯುತ್ತಿದ್ದವು. ಎಣಿಕೆಯ ನಡುವೆ ದೂರದರ್ಶನ ಹಿಂದಿ ಚಲನಚಿತ್ರಗಳನ್ನು ಹಾಕುತ್ತಿತ್ತು. ಚಿತ್ರ ನಿಲ್ಲಿಸಿ ಹೊಸ ಫಲಿತಾಂಶ ಹೇಳುತ್ತಿತ್ತು. ಟಿ.ವಿ. ಇದ್ದ ಮನೆಗಳಲ್ಲಿ ನೆರೆಹೊರೆಯವರೆಲ್ಲ ಸೇರುತ್ತಿದ್ದರು. ಮತದಾನ ನಡೆದ 514 ಸ್ಥಾನಗಳ ಪೈಕಿ 404 ಸ್ಥಾನಗಳನ್ನು ಕಾಂಗ್ರೆಸ್ ಗೆದ್ದುಕೊಂಡಿತು. ಕರ್ನಾಟಕದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ ಪಾಲಾದವು. ಸೋಲಿನ ನೈತಿಕ ಹೊಣೆ ಹೊತ್ತ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ವಿಧಾನಸಭೆ ವಿಸರ್ಜನೆಗೆ ಶಿಫಾರಸು ಮಾಡಿ, 1985ರ ಮಾರ್ಚ್‌ನ ಚುನಾವಣೆಯಲ್ಲಿ 139 ಸ್ಥಾನಗಳೊಂದಿಗೆ ಮರಳಿ ಬಂದರು. ಒಂದೇ ಮತದಾರ ಲೋಕಸಭೆಗೊಂದು, ವಿಧಾನಸಭೆಗೊಂದು ತೀರ್ಪು ಕೊಡಬಲ್ಲ ಎಂಬ ಈ ಪಾಠವನ್ನು ಚುನಾವಣಾ ವಿಶ್ಲೇಷಕರು ಮುಂದೆ ಬಹುಕಾಲ ನೆನೆಯುತ್ತಿದ್ದರು.

ರಾಯ್–ದುವಾ ಜೋಡಿ ಮುಂದಿನ ಚುನಾವಣೆಗಳಲ್ಲಿಯೂ ಮುಂದುವರಿಯಿತು. 1989ರಲ್ಲಿ ಕಾಂಗ್ರೆಸ್ 197 ಸ್ಥಾನಗಳಿಗೆ ಕುಸಿದು ಆಡಳಿತ ಕೈತಪ್ಪಿದ ಸುದ್ದಿಯನ್ನು ಸರ್ಕಾರಿ ವಾಹಿನಿಯೇ ಗಂಟೆ ಗಂಟೆಗೂ ದೇಶಕ್ಕೆ ತಿಳಿಸಿತು.

ಜನವಾಣಿ: ಸಚಿವರೆದುರು ಜನಸಾಮಾನ್ಯರು

1985ರಲ್ಲಿ ರಾಜೀವ್ ಗಾಂಧಿ ಅವರ ಆಡಳಿತದ ಆರಂಭದ ದಿನಗಳಲ್ಲಿ ದೂರದರ್ಶನಕ್ಕೆ ಕೊಂಚ ಸಡಿಲಿಕೆ ದೊರೆಯಿತು. ಆಗ ಆರಂಭವಾದ 'ಜನವಾಣಿ' ಕಾರ್ಯಕ್ರಮವನ್ನು ದುವಾ ನಡೆಸಿಕೊಟ್ಟರು. ಕೇಂದ್ರ ಸಚಿವರೊಬ್ಬರನ್ನು ಕರೆದು ಕೂರಿಸುವುದು, ಜನಸಾಮಾನ್ಯರು ಅವರನ್ನು ನೇರವಾಗಿ ಪ್ರಶ್ನಿಸುವುದು ಇದರ ಸ್ವರೂಪ. ಭಾರತದ ಟಿ.ವಿ.ಯಲ್ಲಿ ಈ ಬಗೆಯ ಕಾರ್ಯಕ್ರಮ ಅದೇ ಮೊದಲು.

ಇಂದಿನ ವೀಕ್ಷಕನಿಗೆ ಇದರ ಮಹತ್ವ ಥಟ್ಟನೆ ಹೊಳೆಯಲಾರದು. ಅಲ್ಲಿಯವರೆಗೆ ಸಚಿವರು ಪರದೆಯ ಮೇಲೆ ಕಾಣಿಸಿಕೊಳ್ಳುತ್ತಿದ್ದುದು ಭಾಷಣಕಾರರಾಗಿ ಅಥವಾ ಹಾರ ಹಾಕಿಸಿಕೊಳ್ಳುವ ಅತಿಥಿಗಳಾಗಿ. ಸಂದರ್ಶನಗಳಿದ್ದರೂ ಪ್ರಶ್ನೆಗಳು ಉತ್ತರಕ್ಕೆ ದಾರಿ ಮಾಡಿಕೊಡುವಷ್ಟಕ್ಕೆ ಸೀಮಿತ. 'ಜನವಾಣಿ'ಯಲ್ಲಿ ಪ್ರಶ್ನೆ ಕೇಳುವವನು ಯಾವ ಹುದ್ದೆಯೂ ಇಲ್ಲದ ನಾಗರಿಕ, ಉತ್ತರಿಸಬೇಕಾದವರು ಆತನ ತೆರಿಗೆಯ ಹಣದಿಂದ ನಡೆಯುವ ಇಲಾಖೆಯ ಮುಖ್ಯಸ್ಥರು, ವೇದಿಕೆ ಸರ್ಕಾರದ್ದೇ. ದುವಾ ಅವರ ಪಾತ್ರ ನಡುವೆ ನಿಂತು ಉತ್ತರ ಜಾರಿಕೊಳ್ಳದಂತೆ ನೋಡಿಕೊಳ್ಳುವುದು. ಅಧಿಕಾರಸ್ಥರನ್ನು ಪ್ರಶ್ನಿಸುವ ಹಕ್ಕು ಪತ್ರಕರ್ತನಿಗೆ ಬರುವುದು ಪ್ರೇಕ್ಷಕನ ಪರವಾಗಿಯೇ ಹೊರತು ಸ್ವಂತದ್ದಾಗಿ ಅಲ್ಲ ಎಂಬ ತಿಳಿವಳಿಕೆ ಈ ಕಾರ್ಯಕ್ರಮದ ತಳಹದಿಯಾಗಿತ್ತು. ಅವರ ಮುಂದಿನ ಎಲ್ಲ ಕೆಲಸಗಳಲ್ಲಿಯೂ ಈ ನೆಲೆಯನ್ನು ಗುರುತಿಸಬಹುದು.

ಪರಖ್ ಮತ್ತು ಸ್ವಂತ ನಿರ್ಮಾಣ

1987ರಲ್ಲಿ ದುವಾ ಇಂಡಿಯಾ ಟುಡೇ ಸಮೂಹದ ಟಿ.ವಿ. ಟುಡೇ ಸಂಸ್ಥೆಯನ್ನು ಮುಖ್ಯ ನಿರ್ಮಾಪಕರಾಗಿ ಸೇರಿದರು. ಮರುವರ್ಷವೇ 'ದಿ ಕಮ್ಯುನಿಕೇಷನ್ ಗ್ರೂಪ್' ಎಂಬ ಸ್ವಂತ ನಿರ್ಮಾಣ ಸಂಸ್ಥೆ ಸ್ಥಾಪಿಸಿ, ಪ್ರಚಲಿತ ವಿದ್ಯಮಾನ, ಬಜೆಟ್ ವಿಶ್ಲೇಷಣೆ, ಸಾಕ್ಷ್ಯಚಿತ್ರಗಳ ನಿರ್ಮಾಣಕ್ಕೆ ತೊಡಗಿದರು.

ಇದರಲ್ಲಿ ಪ್ರಮುಖವಾದದ್ದು 1992ರಿಂದ 1996ರವರೆಗೆ ದೂರದರ್ಶನದಲ್ಲಿ ಪ್ರಸಾರವಾದ 'ಪರಖ್'. ಪರಖ್ ಎಂದರೆ ಪರೀಕ್ಷೆ, ಒರೆಗೆ ಹಚ್ಚುವುದು. ವಾರಕ್ಕೊಮ್ಮೆ ಬರುತ್ತಿದ್ದ ಈ ಹಿಂದಿ ಸುದ್ದಿ ಸಾಪ್ತಾಹಿಕದ ನಿರ್ಮಾಪಕರೂ ನಿರೂಪಕರೂ ಅವರೇ. ಬಾಬ್ರಿ ಮಸೀದಿ ಧ್ವಂಸ, ಮುಂಬೈ ಗಲಭೆ ಮತ್ತು ಸ್ಫೋಟ, ಆರ್ಥಿಕ ಉದಾರೀಕರಣದ ಮೊದಲ ಪರಿಣಾಮಗಳು ಕಂಡ ವರ್ಷಗಳವು. ದಿನನಿತ್ಯದ ವಾರ್ತೆಯಲ್ಲಿ ಎರಡು ಸಾಲಿಗೆ ಮುಗಿಯುತ್ತಿದ್ದ ವಿಷಯಕ್ಕೆ ವರದಿಗಾರ ಸ್ಥಳಕ್ಕೆ ಹೋಗಿ, ಜನರ ಮಾತು ಕೇಳಿ ಬರುವ ಅವಕಾಶ ಇಂತಹ ಸಾಪ್ತಾಹಿಕಗಳಿಂದ ದೊರೆಯಿತು. ಖಾಸಗಿ ನಿರ್ಮಾಪಕನಿಗೆ ಸರ್ಕಾರಿ ವಾಹಿನಿಯಲ್ಲಿ ಸಮಯ ಕೊಡುವ ಈ ವ್ಯವಸ್ಥೆಯಿಂದಲೇ ಮುಂದಿನ ಖಾಸಗಿ ಸುದ್ದಿ ಸಂಸ್ಥೆಗಳು ಬೆಳೆದವು. ಪ್ರಣಯ್ ರಾಯ್ ಅವರ 'ದಿ ವರ್ಲ್ಡ್ ದಿಸ್ ವೀಕ್' 1988ರಲ್ಲಿ, ಎಸ್.ಪಿ. ಸಿಂಗ್ ಅವರ 'ಆಜ್ ತಕ್' 1995ರಲ್ಲಿ ಇದೇ ದಾರಿಯಲ್ಲಿ ಆರಂಭವಾದವು.

ಖಾಸಗಿ ವಾಹಿನಿಗಳ ಕಾಲ

1992ರ ಅಕ್ಟೋಬರ್‌ನಲ್ಲಿ ಜೀ ಟಿ.ವಿ. ಆರಂಭವಾಯಿತು. ದುವಾ ಅದರಲ್ಲಿ 'ಚಕ್ರವ್ಯೂಹ' ಎಂಬ ಚರ್ಚಾ ಕಾರ್ಯಕ್ರಮ ನಡೆಸಿಕೊಟ್ಟರು. ಸಾಮಾಜಿಕ ವಿಷಯವೊಂದನ್ನು ಪ್ರೇಕ್ಷಕರ ನಡುವೆ ಚರ್ಚೆಗಿಡುವುದು ಅದರ ರೀತಿ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಗಾಳಿಯ ಅಲೆಗಳು ಸಾರ್ವಜನಿಕ ಸ್ವತ್ತೇ ಹೊರತು ಸರ್ಕಾರದ ಏಕಸ್ವಾಮ್ಯವಲ್ಲ ಎಂದು ತೀರ್ಪಿತ್ತ ಬಳಿಕ ಖಾಸಗಿ ಪ್ರಸಾರಕ್ಕೆ ಇನ್ನಷ್ಟು ಬಲ ಬಂದಿತು. ದೂರದರ್ಶನ, ಆಕಾಶವಾಣಿಗಳ ಸ್ವಾಯತ್ತತೆಗಾಗಿ 1990ರಲ್ಲಿಯೇ ಅಂಗೀಕಾರವಾಗಿದ್ದ ಪ್ರಸಾರ ಭಾರತಿ ಕಾಯ್ದೆ ಜಾರಿಗೆ ಬಂದದ್ದು 1997ರ ಸೆಪ್ಟೆಂಬರ್‌ನಲ್ಲಿ.

ಈ ಅವಧಿಯಲ್ಲಿ ದುವಾ ದೂರದರ್ಶನದ ಮೂರನೇ ವಾಹಿನಿಯಲ್ಲಿ 'ತಸ್ವೀರ್-ಎ-ಹಿಂದ್', ಸೋನಿ ವಾಹಿನಿಯಲ್ಲಿ 'ಚುನಾವ್ ಚುನೌತಿ', ಸಹಾರಾ ವಾಹಿನಿಯಲ್ಲಿ 'ಪ್ರತಿದಿನ್' ಕಾರ್ಯಕ್ರಮಗಳನ್ನು ನಡೆಸಿಕೊಟ್ಟರು. 2003ರಲ್ಲಿ ಎನ್‌ಡಿಟಿವಿ ಇಂಡಿಯಾ ಹಿಂದಿ ವಾಹಿನಿ ಆರಂಭವಾದ ಮೇಲೆ ಅದರ ಪ್ರಮುಖ ಮುಖಗಳಲ್ಲಿ ಒಬ್ಬರಾದರು. 'ವಿನೋದ್ ದುವಾ ಲೈವ್' ಸಂಜೆಯ ಸುದ್ದಿ ವಿಶ್ಲೇಷಣೆಯಾಗಿ ಹೆಸರಾಯಿತು.

ಹೊಸ ತಲೆಮಾರಿನವರಿಗೆ ಅವರು ಹೆಚ್ಚು ಪರಿಚಿತರಾದದ್ದು 'ಜಾಯ್ಕಾ ಇಂಡಿಯಾ ಕಾ' ಕಾರ್ಯಕ್ರಮದಿಂದ. ಹೆದ್ದಾರಿಯ ಢಾಬಾಗಳಿಂದ ಹಿಡಿದು ಹಳೆಯ ಊರುಗಳ ಓಣಿಗಳವರೆಗೆ ಅಲೆದು, ಅಲ್ಲಿನ ತಿನಿಸುಗಳನ್ನು ಸವಿಯುತ್ತ ಜನರೊಡನೆ ಮಾತನಾಡುವ ಈ ಕಾರ್ಯಕ್ರಮದಲ್ಲಿ ರಾಜಕೀಯ ನೇರವಾಗಿ ಬರುತ್ತಿರಲಿಲ್ಲ. ಆದರೆ ಅಡುಗೆಯವನ ಕಸುಬು, ಊರಿನ ಇತಿಹಾಸ, ಬೇರೆ ಬೇರೆ ಸಮುದಾಯಗಳು ಒಂದೇ ಬೀದಿಯಲ್ಲಿ ಬದುಕುವ ರೀತಿ ಎಲ್ಲವೂ ಅಲ್ಲಿ ಇಣುಕುತ್ತಿದ್ದವು. ರಾಜಕೀಯ ವರದಿಗಾರನೊಬ್ಬ ಊಟದ ಎಲೆಯ ಮೂಲಕ ದೇಶ ತಿಳಿಯಹೊರಟ ಪ್ರಯತ್ನ ಎಂದು ಇದನ್ನು ಹೇಳಬಹುದು.

2008ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿತು. 2017ರಲ್ಲಿ ಮುಂಬೈ ಪ್ರೆಸ್ ಕ್ಲಬ್‌ನ ರೆಡ್‌ಇಂಕ್ ಜೀವಮಾನ ಸಾಧನೆ ಪ್ರಶಸ್ತಿ ಸಂದಿತು.

ಅಂತರ್ಜಾಲದತ್ತ

ಅರವತ್ತು ದಾಟಿದ ವಯಸ್ಸಿನಲ್ಲಿ ದುವಾ ಮಾಧ್ಯಮ ಬದಲಿಸಿದರು. 'ದಿ ವೈರ್' ಜಾಲತಾಣದ ಹಿಂದಿ ವಿಭಾಗಕ್ಕಾಗಿ 'ಜನ್ ಗಣ್ ಮನ್ ಕೀ ಬಾತ್' ಎಂಬ ಕಿರು ವಿಡಿಯೊ ಕಾರ್ಯಕ್ರಮ ಆರಂಭಿಸಿದರು. ರಾಷ್ಟ್ರಗೀತೆಯ ಮೊದಲ ಪದಗಳನ್ನೂ ಪ್ರಧಾನಿ ನರೇಂದ್ರ ಮೋದಿ ಅವರ ಆಕಾಶವಾಣಿ ಭಾಷಣ 'ಮನ್ ಕೀ ಬಾತ್'ನ ಹೆಸರನ್ನೂ ಜೋಡಿಸಿದ ಶೀರ್ಷಿಕೆಯೇ ಕಾರ್ಯಕ್ರಮದ ಧೋರಣೆಯನ್ನು ಸೂಚಿಸುತ್ತಿತ್ತು. ಚರ್ಚಾಗೋಷ್ಠಿಯಿಲ್ಲ, ಅಬ್ಬರದ ಸಂಗೀತವಿಲ್ಲ. ಒಬ್ಬರೇ ಕುಳಿತು ಕೆಲವು ನಿಮಿಷ ಎರಡು ಮೂರು ವಿಷಯಗಳನ್ನು ವಿವರಿಸುವುದು. ಮೂರು ನೂರಕ್ಕೂ ಹೆಚ್ಚು ಕಂತುಗಳು ಬಂದವು. ನಂತರ ಎಚ್‌ಡಬ್ಲ್ಯು ನ್ಯೂಸ್ ಸಂಸ್ಥೆಯ ಯೂಟ್ಯೂಬ್ ವಾಹಿನಿಯಲ್ಲಿ 'ದಿ ವಿನೋದ್ ದುವಾ ಶೋ' ನಡೆಸಿದರು. ಅವರ ಬದುಕಿನ ಅತಿ ದೊಡ್ಡ ಕಾನೂನು ಹೋರಾಟಕ್ಕೆ ಕಾರಣವಾದದ್ದು ಈ ಕಾರ್ಯಕ್ರಮ.

ರಾಜದ್ರೋಹದ ಆರೋಪ

ಕೊರೊನಾ ಹಿನ್ನೆಲೆಯಲ್ಲಿ 2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಯಾಯಿತು. ನಗರಗಳಲ್ಲಿ ಕೂಲಿ ಕಳೆದುಕೊಂಡ ಲಕ್ಷಾಂತರ ಕಾರ್ಮಿಕರು ಊರಿನತ್ತ ಕಾಲ್ನಡಿಗೆಯಲ್ಲಿ ಹೊರಟಿದ್ದರು. ಮಾರ್ಚ್ 30ರ ಕಂತಿನಲ್ಲಿ ದುವಾ, ಸರ್ಕಾರದ ಸಿದ್ಧತೆಯ ಕೊರತೆ, ಸೋಂಕು ಪತ್ತೆ ಸೌಲಭ್ಯ ಮತ್ತು ರಕ್ಷಣಾ ಸಾಧನಗಳ ಅಭಾವ, ವಲಸೆ ಕಾರ್ಮಿಕರ ಪಾಡು ಕುರಿತು ಮಾತನಾಡಿದರು. ಪಠಾಣ್‌ಕೋಟ್ ಮತ್ತು ಪುಲ್ವಾಮಾ ದಾಳಿಗಳ ಪ್ರಸ್ತಾಪವೂ ಅದರಲ್ಲಿ ಬಂದಿತ್ತು.

ಐದು ವಾರಗಳ ನಂತರ, ಮೇ 6ರಂದು, ಹಿಮಾಚಲ ಪ್ರದೇಶದ ಶಿಮ್ಲಾ ಜಿಲ್ಲೆಯ ಕುಮಾರ್‌ಸೈನ್ ಠಾಣೆಯಲ್ಲಿ ಸ್ಥಳೀಯ ಬಿಜೆಪಿ ಮುಖಂಡರೊಬ್ಬರ ದೂರಿನ ಮೇಲೆ ಎಫ್‌ಐಆರ್ ದಾಖಲಾಯಿತು. ಪ್ರಧಾನಿ ಸಾವು ಮತ್ತು ಭಯೋತ್ಪಾದಕ ದಾಳಿಗಳನ್ನು ಮತ ಗಳಿಕೆಗೆ ಬಳಸಿಕೊಂಡರೆಂದು ದುವಾ ಆರೋಪಿಸಿದ್ದಾರೆ, ಸುಳ್ಳು ಮಾಹಿತಿಯಿಂದ ಜನರಲ್ಲಿ ಭೀತಿ ಹುಟ್ಟಿಸಿದ್ದಾರೆ ಎಂಬುದು ದೂರಿನ ಸಾರ. ಭಾರತೀಯ ದಂಡ ಸಂಹಿತೆಯ 124ಎ (ರಾಜದ್ರೋಹ), 268 (ಸಾರ್ವಜನಿಕ ಉಪದ್ರವ), 501 (ಮಾನಹಾನಿಕರ ವಿಷಯದ ಮುದ್ರಣ) ಮತ್ತು 505 (ಸಾರ್ವಜನಿಕ ಕಿಡಿಗೇಡಿತನಕ್ಕೆ ಎಡೆಮಾಡುವ ಹೇಳಿಕೆ) ಕಲಮುಗಳನ್ನು ಹಚ್ಚಲಾಯಿತು. ಜೂನ್‌ನಲ್ಲಿ ದೆಹಲಿಯಲ್ಲಿಯೂ ಪ್ರತ್ಯೇಕ ಎಫ್‌ಐಆರ್ ದಾಖಲಾಯಿತು. ಅದರ ತನಿಖೆಗೆ ದೆಹಲಿ ಹೈಕೋರ್ಟ್ ತಡೆ ನೀಡಿತು.

ಜೂನ್ 12ರಂದು ಹಿಮಾಚಲ ಪೊಲೀಸರು ದೆಹಲಿಯ ಮನೆಗೆ ಬಂದು, ಠಾಣೆಗೆ ಹಾಜರಾಗುವಂತೆ ನೋಟಿಸ್ ನೀಡಿದರು. ಕೊರೊನಾ ಕಾಲದಲ್ಲಿ 66ರ ವಯಸ್ಸಿನವರೊಬ್ಬರು ನೂರಾರು ಕಿಲೋಮೀಟರ್ ದೂರದ ಬೆಟ್ಟದೂರಿನ ಠಾಣೆಗೆ ಹೋಗಬೇಕಾಗಿತ್ತು. ದುವಾ ಸುಪ್ರೀಂ ಕೋರ್ಟ್ ಮೊರೆ ಹೋದರು. ಜೂನ್ 14, ಭಾನುವಾರವಾದರೂ, ನ್ಯಾಯಮೂರ್ತಿಗಳಾದ ಉದಯ್ ಉಮೇಶ್ ಲಲಿತ್, ಮೋಹನ ಶಾಂತನಗೌಡರ್ ಮತ್ತು ವಿನೀತ್ ಸರನ್ ಅವರ ಪೀಠ ವಿಶೇಷ ವಿಚಾರಣೆ ನಡೆಸಿತು. ಇವರಲ್ಲಿ ಶಾಂತನಗೌಡರ್ ಕನ್ನಡಿಗರು, ಹಾವೇರಿ ಜಿಲ್ಲೆಯವರು. ತನಿಖೆಗೆ ತಡೆ ನೀಡಲು ಪೀಠ ಒಪ್ಪಲಿಲ್ಲ. ಆದರೆ ಬಂಧಿಸಕೂಡದು, 24 ಗಂಟೆ ಮೊದಲೇ ತಿಳಿಸಿ ಮನೆಯಲ್ಲಿಯೇ ವಿಚಾರಿಸಬೇಕು ಎಂದು ಆದೇಶಿಸಿತು.

ತೀರ್ಪು ಹೇಳಿದ್ದೇನು?

2021ರ ಜೂನ್ 3ರಂದು ನ್ಯಾಯಮೂರ್ತಿಗಳಾದ ಲಲಿತ್ ಮತ್ತು ಸರನ್ ಅವರ ಪೀಠ ಎಫ್‌ಐಆರ್ ರದ್ದುಪಡಿಸಿತು. ಆಧಾರವಾಗಿದ್ದು 1962ರ ಕೇದಾರನಾಥ್ ಸಿಂಗ್ ಪ್ರಕರಣ. ಬಿಹಾರದ ರಾಜಕೀಯ ಕಾರ್ಯಕರ್ತರೊಬ್ಬರ ಭಾಷಣಕ್ಕೆ ಸಂಬಂಧಿಸಿದ ಆ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ರಾಜದ್ರೋಹದ ಕಲಮನ್ನು ಉಳಿಸಿಕೊಂಡಿತಾದರೂ ಅದರ ಬೇಲಿಯನ್ನು ಕಿರಿದುಗೊಳಿಸಿತ್ತು. ಹಿಂಸೆಗೆ ಪ್ರಚೋದಿಸುವ ಅಥವಾ ಸಾರ್ವಜನಿಕ ಶಾಂತಿ ಕದಡುವ ಉದ್ದೇಶ, ಪ್ರವೃತ್ತಿಗಳಿದ್ದರೆ ಮಾತ್ರ ಅಪರಾಧ. ಸರ್ಕಾರದ ಕ್ರಮಗಳನ್ನು ಎಷ್ಟೇ ಕಟುವಾಗಿ ಟೀಕಿಸಿದರೂ ಅದು ಅಪರಾಧವಲ್ಲ ಎಂಬುದು ಅದರ ತಿರುಳು.

ದುವಾ ಅವರ ಮಾತುಗಳ ಲಿಖಿತ ಪಾಠವನ್ನು ಪರಿಶೀಲಿಸಿದ ಪೀಠ, ಅವು ಹೆಚ್ಚೆಂದರೆ ಸರ್ಕಾರ ಮತ್ತು ಅದರ ಅಧಿಕಾರಿಗಳ ಕ್ರಮದ ಬಗ್ಗೆ ಅಸಮ್ಮತಿಯ ನುಡಿಗಳು, ಪರಿಸ್ಥಿತಿಯನ್ನು ಬೇಗನೆ ಸಮರ್ಥವಾಗಿ ನಿಭಾಯಿಸಲೆಂಬ ಆಶಯದವು ಎಂದು ಅಭಿಪ್ರಾಯಪಟ್ಟಿತು. ಕೇದಾರನಾಥ್ ಸಿಂಗ್ ತೀರ್ಪಿನ ರಕ್ಷಣೆಗೆ ಪ್ರತಿಯೊಬ್ಬ ಪತ್ರಕರ್ತನೂ ಅರ್ಹನೆಂದು ಸ್ಪಷ್ಟಪಡಿಸಿತು.

ದುವಾ ಇನ್ನೊಂದು ಬೇಡಿಕೆಯನ್ನೂ ಇಟ್ಟಿದ್ದರು. ಹತ್ತು ವರ್ಷಗಳ ಅನುಭವವುಳ್ಳ ಪತ್ರಕರ್ತರ ಮೇಲೆ ಎಫ್‌ಐಆರ್ ದಾಖಲಿಸುವ ಮುನ್ನ ಹೈಕೋರ್ಟ್ ನ್ಯಾಯಾಧೀಶರ ನೇತೃತ್ವದ ಸಮಿತಿಯ ಒಪ್ಪಿಗೆ ಬೇಕು ಎಂಬುದು ಅದು. ಇದು ಶಾಸಕಾಂಗದ ವ್ಯಾಪ್ತಿಯನ್ನು ಅತಿಕ್ರಮಿಸಿದಂತಾಗುತ್ತದೆ ಎಂದು ಪೀಠ ತಿರಸ್ಕರಿಸಿತು. ಹೀಗಾಗಿ ಪತ್ರಕರ್ತನಿಗೆ ತೀರ್ಪಿನ ರಕ್ಷಣೆ ದೊರೆತರೂ ಅದು ಮೊಕದ್ದಮೆ ಹೂಡಿದ ನಂತರದ ರಕ್ಷಣೆಯಾಗಿ ಉಳಿಯಿತು. ದೇಶದ ರಾಜಧಾನಿಯಲ್ಲಿದ್ದು, ಹಿರಿಯ ವಕೀಲರನ್ನಿಟ್ಟು ವಾದಿಸಬಲ್ಲವರಿಗೆ ಹದಿಮೂರು ತಿಂಗಳು ಹಿಡಿದ ದಾರಿ, ತಾಲ್ಲೂಕು ಕೇಂದ್ರದ ವರದಿಗಾರನಿಗೆ ಎಷ್ಟರಮಟ್ಟಿಗೆ ಎಟುಕೀತು ಎಂಬ ಪ್ರಶ್ನೆ ಹಾಗೆಯೇ ಇದೆ.

ವಿಚಾರಧಾರೆ

ಸರ್ಕಾರ ಯಾವ ಪಕ್ಷದ್ದಾದರೂ ಪ್ರಶ್ನಿಸುವುದು ಪತ್ರಕರ್ತನ ಕೆಲಸ ಎಂಬುದು ದುವಾ ಅವರ ನಿಲುವಾಗಿತ್ತು. ಅವರು ಸಚಿವರನ್ನು ಪ್ರಶ್ನಿಸಲಾರಂಭಿಸಿದ್ದು ಕಾಂಗ್ರೆಸ್ ಭಾರಿ ಬಹುಮತ ಹೊಂದಿದ್ದ ಕಾಲದಲ್ಲಿ. ಮೊಕದ್ದಮೆ ಎದುರಿಸಿದ್ದು ಬಿಜೆಪಿ ಬಹುಮತದ ಕಾಲದಲ್ಲಿ. ಸರ್ಕಾರಿ ಮಾಧ್ಯಮದೊಳಗಿದ್ದುಕೊಂಡೇ ಪ್ರಶ್ನಿಸಲು ಸಾಧ್ಯವಿದೆ ಎಂಬುದನ್ನು 'ಜನವಾಣಿ' ತೋರಿಸಿದ್ದರೆ, ಖಾಸಗಿ ಒಡೆತನವೊಂದೇ ಸ್ವಾತಂತ್ರ್ಯದ ಖಾತರಿಯಲ್ಲ ಎಂಬುದು ಅವರ ಕೊನೆಯ ವರ್ಷಗಳ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದ ವಿಚಾರ.

ಏಳೆಂಟು ಮಂದಿಯನ್ನು ಕೂರಿಸಿ ಕೂಗಾಡಿಸುವ ಚರ್ಚೆಗಳನ್ನು ಅವರು ಪತ್ರಿಕೋದ್ಯಮವೆಂದು ಒಪ್ಪುತ್ತಿರಲಿಲ್ಲ. ನಿರೂಪಕ ನ್ಯಾಯಾಧೀಶನೂ ಅಲ್ಲ, ಪಕ್ಷದ ವಕ್ತಾರನೂ ಅಲ್ಲ ಎಂಬುದು ಅವರ ಕಾರ್ಯಶೈಲಿಯಲ್ಲಿಯೇ ವ್ಯಕ್ತವಾಗುತ್ತಿತ್ತು. ಅವರ ಭಾಷೆ ಸಂಸ್ಕೃತಮಯವಾದ ಸರ್ಕಾರಿ ಹಿಂದಿಯಲ್ಲ. ಉರ್ದು, ಪಂಜಾಬಿಗಳ ಸೊಗಡು ಬೆರೆತ ದೆಹಲಿಯ ಬೀದಿಯ ಹಿಂದೂಸ್ತಾನಿ. ವ್ಯಂಗ್ಯ ಅದರಲ್ಲಿ ಧಾರಾಳವಾಗಿತ್ತು. ವಿಭಜನೆಯ ನೋವುಂಡ ಮನೆತನದಿಂದ ಬಂದರೂ, ಸೂಫಿ ಸಂಗೀತ ಮತ್ತು ಬುಲ್ಲೇ ಶಾ ಅವರ ರಚನೆಗಳನ್ನು ಪ್ರೀತಿಸುತ್ತಿದ್ದ ಅವರು ಬಹುಧರ್ಮೀಯ ಕೂಡುಬಾಳುವೆಯ ಪರವಾಗಿ ದೃಢವಾಗಿ ನಿಂತಿದ್ದರು.

ಟೀಕೆ ಮತ್ತು ವಿವಾದ

ದುವಾ ಟೀಕಾತೀತರಾಗಿರಲಿಲ್ಲ. ಅಂತರ್ಜಾಲದ ದಿನಗಳ ಅವರ ಕಾರ್ಯಕ್ರಮಗಳು ವರದಿಗಿಂತ ಅಭಿಪ್ರಾಯವೇ ಹೆಚ್ಚಾಗಿ, ಏಕಪಕ್ಷೀಯವಾದವು ಎಂದು ಆಡಳಿತ ಪಕ್ಷದ ಬೆಂಬಲಿಗರು ದೂರುತ್ತಿದ್ದರು. ಸರ್ಕಾರದ ಪರ ವಕೀಲರು ನ್ಯಾಯಾಲಯದಲ್ಲಿಯೂ ಮಾಹಿತಿಯ ನಿಖರತೆಯನ್ನು ಪ್ರಶ್ನಿಸಿದ್ದರು. ವಿಶ್ಲೇಷಣೆಗೂ ಅಭಿಪ್ರಾಯಕ್ಕೂ ನಡುವಿನ ಗೆರೆ ಎಲ್ಲಿದೆ ಎಂಬುದು ನ್ಯಾಯಾಲಯದ ತೀರ್ಪಿನಿಂದ ಇತ್ಯರ್ಥವಾಗುವ ವಿಷಯವಲ್ಲ. ಅದು ವೃತ್ತಿಯ ಒಳಗಿನ ಚರ್ಚೆ.

2018ರ ಅಕ್ಟೋಬರ್‌ನಲ್ಲಿ 'ಮೀ ಟೂ' ಅಭಿಯಾನದ ಸಂದರ್ಭದಲ್ಲಿ ಚಿತ್ರ ನಿರ್ದೇಶಕಿಯೊಬ್ಬರು, 1989ರಲ್ಲಿ ದುವಾ ತಮ್ಮೊಂದಿಗೆ ಅನುಚಿತವಾಗಿ ವರ್ತಿಸಿದ್ದರೆಂದು ಆರೋಪಿಸಿದರು. ದುವಾ ಅದನ್ನು ಅಲ್ಲಗಳೆದರು. 'ದಿ ವೈರ್' ಸಂಸ್ಥೆ ಹೊರಗಿನವರ ಸಮಿತಿ ರಚಿಸಿತು, ಅವರ ಕಾರ್ಯಕ್ರಮ ನಿಂತಿತು. ಪ್ರಶ್ನಿಸುವುದನ್ನೇ ವೃತ್ತಿಯಾಗಿಸಿಕೊಂಡಿದ್ದವರು ತಾವೇ ಪ್ರಶ್ನೆಗೊಳಗಾದ ಈ ಅಧ್ಯಾಯವನ್ನು ಬಿಟ್ಟು ಅವರ ಪರಿಚಯ ಪೂರ್ಣವಾಗದು.

ಕೊನೆಯ ದಿನಗಳು

ಕೊರೊನಾ ಎರಡನೇ ಅಲೆಯಲ್ಲಿ ದುವಾ ಹಾಗೂ ಪತ್ನಿ ಪದ್ಮಾವತಿ ಇಬ್ಬರೂ ಆಸ್ಪತ್ರೆ ಸೇರಿದರು. ತಮಿಳು ಮೂಲದ ಪದ್ಮಾವತಿ 'ಚಿನ್ನಾ' ಎಂದೇ ಪರಿಚಿತರು. ವೃತ್ತಿಯಿಂದ ವಿಕಿರಣ ತಜ್ಞೆ, ಗಾಯಕಿಯೂ ಹೌದು. ಸುಪ್ರೀಂ ಕೋರ್ಟ್ ತೀರ್ಪು ಬಂದ ಕೆಲವೇ ದಿನಗಳಲ್ಲಿ ಅವರು ನಿಧನರಾದರು. ಸೋಂಕಿನ ನಂತರ ದುವಾ ಅವರ ಆರೋಗ್ಯವೂ ಚೇತರಿಸಿಕೊಳ್ಳಲಿಲ್ಲ. 2021ರ ಡಿಸೆಂಬರ್ 4ರಂದು ದೆಹಲಿಯಲ್ಲಿ ತಮ್ಮ 67ನೇ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ನಟಿ, ಹಾಸ್ಯ ಕಲಾವಿದೆ ಮಲ್ಲಿಕಾ ದುವಾ ಅವರ ಪುತ್ರಿಯರಲ್ಲಿ ಒಬ್ಬರು.

ತೀರ್ಪಿನ ನಂತರ

ರಾಜದ್ರೋಹದ ಕಲಮು ಬ್ರಿಟಿಷರು 1870ರಲ್ಲಿ ದಂಡ ಸಂಹಿತೆಗೆ ಸೇರಿಸಿದ್ದು. ಬಾಲಗಂಗಾಧರ ತಿಲಕರಿಗೂ 1922ರಲ್ಲಿ ಗಾಂಧೀಜಿಯವರಿಗೂ ಶಿಕ್ಷೆ ಕೊಡಿಸಿದ ಕಲಮು ಅದು. ದುವಾ ನಿಧನರಾದ ಆರು ತಿಂಗಳೊಳಗೆ, 2022ರ ಮೇ 11ರಂದು, ಮರುಪರಿಶೀಲನೆ ಮುಗಿಯುವವರೆಗೆ ಅದರ ಬಳಕೆಯನ್ನು ಸುಪ್ರೀಂ ಕೋರ್ಟ್ ತಡೆಹಿಡಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ರಾಜದ್ರೋಹವೆಂಬ ಪದವಿಲ್ಲ. ಆದರೆ ದೇಶದ ಸಾರ್ವಭೌಮತೆ, ಏಕತೆ ಮತ್ತು ಅಖಂಡತೆಗೆ ಅಪಾಯ ತರುವ ಕೃತ್ಯಗಳ ಬಗೆಗಿನ 152ನೇ ಕಲಮು ಇದೆ. ಹಳೆಯ ಕಾನೂನು ಹೊಸ ಹೆಸರಿನಲ್ಲಿ ಮರಳಿದೆ ಎಂಬ ಆಕ್ಷೇಪವೂ ಇದೆ.

ಕರ್ನಾಟಕಕ್ಕೂ ಈ ವಿಷಯ ದೂರದ್ದಲ್ಲ. 2020ರ ಜನವರಿಯಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಕುರಿತು ಮಕ್ಕಳು ಆಡಿದ ನಾಟಕದ ಕಾರಣಕ್ಕೆ ಬೀದರ್‌ನ ಶಾಲೆಯೊಂದರ ಮೇಲೆ ರಾಜದ್ರೋಹದ ಪ್ರಕರಣ ದಾಖಲಾಗಿತ್ತು. ಮುಖ್ಯ ಶಿಕ್ಷಕಿ ಹಾಗೂ ವಿದ್ಯಾರ್ಥಿನಿಯ ತಾಯಿ ಜೈಲು ಕಂಡರು. ಹೈಕೋರ್ಟ್‌ನ ಕಲಬುರಗಿ ಪೀಠ ಆ ಪ್ರಕರಣವನ್ನು ರದ್ದುಪಡಿಸಿದ್ದು 2023ರಲ್ಲಿ. ದೆಹಲಿಯ ಹೆಸರಾಂತ ಪತ್ರಕರ್ತನಿಗೂ ಬೀದರ್‌ನ ಶಿಕ್ಷಕಿಗೂ ಅನ್ವಯವಾಗಿದ್ದು ಒಂದೇ ಕಲಮು. ವಿನೋದ್ ದುವಾ ಪ್ರಕರಣದ ತೀರ್ಪು ಸುದ್ದಿಮನೆಗಳಾಚೆಗೂ ಓದಬೇಕಾದ ದಾಖಲೆಯಾಗುವುದು ಈ ಕಾರಣಕ್ಕೆ.

ಜೀವನರೇಖೆ

1954: ಮಾರ್ಚ್ 11ರಂದು ಜನನ
1974: 'ಯುವ ಮಂಚ್' ಮೂಲಕ ಟಿ.ವಿ. ಪ್ರವೇಶ
1975: 'ಸೈಟ್' ಪ್ರಯೋಗದ 'ಯುವ ಜನ್' ನಿರೂಪಣೆ
1984: ಲೋಕಸಭಾ ಚುನಾವಣೆಯ ಫಲಿತಾಂಶ ವಿಶ್ಲೇಷಣೆ
1985: 'ಜನವಾಣಿ'
1988: ಸ್ವಂತ ನಿರ್ಮಾಣ ಸಂಸ್ಥೆ ಸ್ಥಾಪನೆ
1992–96: 'ಪರಖ್'
2008: ಪದ್ಮಶ್ರೀ
2017: ರೆಡ್‌ಇಂಕ್ ಜೀವಮಾನ ಸಾಧನೆ ಪ್ರಶಸ್ತಿ
2020: ಕುಮಾರ್‌ಸೈನ್ ಠಾಣೆಯಲ್ಲಿ ರಾಜದ್ರೋಹದ ಎಫ್‌ಐಆರ್
2021: ಜೂನ್ 3ರಂದು ಎಫ್‌ಐಆರ್ ರದ್ದು, ಡಿಸೆಂಬರ್ 4ರಂದು ನಿಧನ